ಟವೆಲ್ ಹೊದ್ದ ರೇಡಿಯೋ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನಾನು ರೇಗಿದ್ದು ಜಾಸ್ತಿಯಾಯ್ತು. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದೀನಿ ಅಂತ ನೀನು ಅಂದಿದ್ದೇ ತಡ, "ನಿನಗ್ಯಾಕೆ ಬೇಕು ಇದೆಲ್ಲ, ಸುಮ್ನೆ ಪಿಜಿಗೆ ಹೋಗು" ಅಂದುಬಿಟ್ಟೆ. ಅದು ನಿನ್ನ ತಾತನ ಮಾತು ಕಣೇ. ಇಷ್ಟು ವರ್ಷ ನನ್ನೊಳಗೇ ಕೂತಿತ್ತು ಅಂತ ಕಾಣುತ್ತೆ.

ಅಲ್ಲಿ ಮೊದಲು ಸೆಂಟ್ರಲ್ ಜೈಲಿತ್ತು. 1975ರ ಜೂನ್ 25ರ ರಾತ್ರಿ ಎಮರ್ಜೆನ್ಸಿ ಬಂತು. ಸಂಸತ್ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ಮಾರನೇ ದಿನವೇ ಹಿಡಿದು ಅಲ್ಲಿಗೆ ಹಾಕಿದರು. ನನಗಾಗ ಹತ್ತು ವರ್ಷ. ಬಸವನಗುಡಿಯ ಒಂದು ವಠಾರದಲ್ಲಿದ್ದೆವು.

ಅದಕ್ಕೆ ಮುಂಚೆ ಸೀಮೆಎಣ್ಣೆ ಕ್ಯೂನಲ್ಲಿ ಸರ್ಕಾರಕ್ಕೆ ದಿನಾ ಮಂಗಳಾರತಿ. ಬೆಲೆ ಆ ಪಾಟಿ ಏರಿತ್ತು. ಜೂನ್ ಕಳೆದಮೇಲೆ ಅದೇ ಕ್ಯೂನಲ್ಲಿ ಎಲ್ಲರೂ ಬರೀ ಮಳೆ ವಿಚಾರ ಮಾತಾಡುತ್ತಿದ್ದರು.

ರಾತ್ರಿ ತಾತ ರೇಡಿಯೋ ಮೇಲೆ ಟವೆಲ್ ಹೊದಿಸಿ, ತಾವೂ ಅದರೊಳಗೆ ತಲೆ ಹಾಕಿ ಬಿಬಿಸಿ ಕೇಳುತ್ತಿದ್ದರು, ನೆಗಡಿಗೆ ಹಬೆ ತಗೊಳ್ಳುವವರ ಹಾಗೆ. ಅಜ್ಜಿ ಬಾಗಿಲ ಹತ್ತಿರ ಮೊರ ಹಿಡಿದು ಅಕ್ಕಿ ಆರಿಸುತ್ತಾ ಕಾವಲು. ರಾತ್ರಿ ಒಂಬತ್ತೂವರೆಗೆ ಯಾರು ಅಕ್ಕಿ ಆರಿಸ್ತಾರೆ ಹೇಳು! ಆಕಾಶವಾಣಿ ವಾರ್ತೆಯನ್ನು ಮಾತ್ರ ಪಕ್ಕದ ಮನೆಗೆ ಕೇಳಲಿ ಅಂತ ಜೋರಾಗಿ ಹಾಕುತ್ತಿದ್ದರು. ಪಕ್ಕದ ಮನೆಯವರೂ ಹಾಗೇ ಮಾಡ್ತಿದ್ದರು. ಪೊಲೀಸರಿಗಿಂತ ನಾವು ಹೆದರಿದ್ದು ಆ ಒಂದಿಟ್ಟಿಗೆ ಗೋಡೆಗೆ.

ನಟಿ ಸ್ನೇಹಲತಾ ರೆಡ್ಡಿ ಅವರನ್ನು ಇಟ್ಟಿದ್ದೂ ಅದೇ ಜೈಲಿನಲ್ಲಿ. ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಬಿಟ್ಟರು, ಕೆಲವೇ ದಿನಕ್ಕೆ ತೀರಿಕೊಂಡರು. ತಾತನಿಗೆ ಇದು ಗೊತ್ತಿತ್ತೋ ಏನೋ, ಮನೆಯಲ್ಲಿ ಯಾರೂ ಮಾತೆತ್ತಲಿಲ್ಲ.

ಮಾರ್ಚಿನಲ್ಲಿ ಚುನಾವಣೆ. ಉತ್ತರದಲ್ಲಿ ಕಾಂಗ್ರೆಸ್ ಮಕಾಡೆ ಮಲಗಿತು, ನಮ್ಮ ರಾಜ್ಯದಲ್ಲಿ 28ಕ್ಕೆ 26 ಗೆದ್ದಿತು. ತಪ್ಪಿದ ಎರಡರಲ್ಲಿ ಒಂದು ನಮ್ಮ ಬೆಂಗಳೂರು ದಕ್ಷಿಣ. ಗೆದ್ದವರು ಕೆ.ಎಸ್. ಹೆಗ್ಡೆ. 1973ರಲ್ಲಿ ತಮ್ಮನ್ನು ಹಿಂದಿಟ್ಟು ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು ಅಂತ ಸುಪ್ರೀಂ ಕೋರ್ಟ್ ಬಿಟ್ಟು ಬಂದವರು. ತಾತ ಯಾರಿಗೆ ಓಟು ಹಾಕಿದರು ಅಂತ ಸಾಯೋತನಕ ಬಾಯಿ ಬಿಡಲಿಲ್ಲ. ಅಜ್ಜಿಗೂ ಹೇಳಿರಲಿಲ್ಲವಂತೆ.

ನೀನು ಅಷ್ಟು ಜನರ ಮಧ್ಯೆ ಕೂತು, ಫೋನಿನಲ್ಲಿ ಜೋರಾಗಿ ಹೇಳಿದೆಯಲ್ಲ, ನನ್ನ ಎದೆ ಹೊಡೆದುಕೊಂಡಿದ್ದು ಅದಕ್ಕೇ. ಈಗಲೂ ಭಯ ಹೋಗಿಲ್ಲ. ಮುಂದಿನ ಸಲ ಹೋಗೋ ಮುಂಚೆ ಹೇಳು. ಟೋಪಿ, ನೀರಿನ ಬಾಟ್ಲಿ ಮರೀಬೇಡ. ನಾನೂ ಬಂದರೆ ನಿನ್ನ ಗೆಳತಿಯರು ನಗ್ತಾರಾ?

ಅಮ್ಮ