ಭಾನಗಢಕ್ಕೆ ಹಗಲಲ್ಲೇ ಹೋಗು ಗೆಳೆಯಾ

ಪ್ರೀತಿಯ ಗೆಳೆಯಾ,

ರಾಜಸ್ಥಾನಕ್ಕೆ ಹೋದಾಗ ಭಾನಗಢದ ಕೋಟೆಯಲ್ಲಿ ಒಂದು ರಾತ್ರಿ ಕಳೆಯಬೇಕು ಅಂತ ಬರೆದಿದ್ದೀಯಲ್ಲ, ಅದೊಂದು ಬೇಡ. ದೆವ್ವಕ್ಕೆ ಹೆದರಿ ಹೇಳುತ್ತಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಒಳಗೆ ಹೋಗಬಾರದು ಅಂತ ಪುರಾತತ್ವ ಇಲಾಖೆ ಅಲ್ಲಿ ಬೋರ್ಡ್ ಹಾಕಿದೆ. ಅದರ ಫೋಟೋ ಹಾಕಿ, ದೆವ್ವ ಇದೆ ಅಂತ ಸರ್ಕಾರವೇ ಒಪ್ಪಿಕೊಂಡಿದೆ ಅನ್ನುವವರು ಬಹಳ ಜನ. ಆದರೆ ಇಲಾಖೆಯವರು ಹೆಚ್ಚಿನ ಕೋಟೆ, ಗುಡಿಗಳನ್ನೆಲ್ಲ ಸಂಜೆಗೇ ಮುಚ್ಚುತ್ತಾರೆ, ಅದರ ಮೇಲೆ ಇದು ಸರಿಸ್ಕಾ ಕಾಡಿನ ಅಂಚು, ಕತ್ತಲಾದರೆ ಕಾಡುಪ್ರಾಣಿಗಳ ಭಯ.

ಕಥೆ ಮಾತ್ರ ನನಗೆ ತುಂಬಾ ಇಷ್ಟ. ರತ್ನಾವತಿ ಅನ್ನುವ ರಾಜಕುಮಾರಿಯ ಮೇಲೆ ಒಬ್ಬ ಮಾಂತ್ರಿಕನಿಗೆ ಮನಸ್ಸಾಯಿತಂತೆ. ಅವಳು ತನಗೆ ಒಲಿಯಲಿ ಅಂತ, ದಾಸಿ ಅವಳಿಗಾಗಿ ಕೊಳ್ಳುತ್ತಿದ್ದ ಅತ್ತರಿಗೆ ಮಂತ್ರ ಹಾಕಿದ, ಅವಳಿಗೆ ಅದು ಗೊತ್ತಾಗಿ ಬಂಡೆಯ ಮೇಲೆ ಚೆಲ್ಲಿದಳು, ಬಂಡೆ ಉರುಳಿಕೊಂಡು ಹೋಗಿ ಅವನನ್ನೇ ಅಪ್ಪಚ್ಚಿ ಮಾಡಿತು, ಸಾಯುತ್ತಾ ಅವನು ಇಡೀ ಊರಿಗೆ ಶಾಪ ಹಾಕಿದ. ತಪ್ಪು ಮಾಡಿದವನು ಅವನು, ಹಾಳಾಗಿದ್ದು ಊರು! ಇದು ನನಗೆ ಯಾವತ್ತೂ ಅನ್ಯಾಯ ಅನಿಸುತ್ತದೆ. ಅಕ್ಬರನ ಸೇನಾಪತಿ ರಾಜಾ ಮಾನಸಿಂಗನ ತಮ್ಮ ಮಾಧೋಸಿಂಗನ ಊರು ಅದು, 16ನೇ ಶತಮಾನದ್ದು. ಜನ ಬಿಟ್ಟು ಹೋಗಲು 1783ರ ಬರಗಾಲವೂ ಕಾರಣ ಅಂತ ಹೇಳುತ್ತಾರೆ. ಹಸಿವಿನಿಂದ ಮನೆಗೆ ಬಾಗಿಲು ಹಾಕಿ ಹೊರಟ ಆ ಜನರ ಬಗ್ಗೆ ದೆವ್ವದ ವಿಡಿಯೋ ಮಾಡುವವರು ಒಂದು ಮಾತಾದರೂ ಆಡಬೇಕು ಅಲ್ವಾ?

ಜೈಸಲ್ಮೇರ್ ಹತ್ತಿರದ ಕುಲಧರಾದಲ್ಲೂ ಹೀಗೇ. ದಿವಾನ ಸಾಲಿಂ ಸಿಂಗ್ ಊರಿನ ಹುಡುಗಿಯೊಬ್ಬಳ ಮೇಲೆ ಕಣ್ಣು ಹಾಕಿದ, ಪಾಲಿವಾಲ ಬ್ರಾಹ್ಮಣರು ಒಂದೇ ರಾತ್ರಿಯಲ್ಲಿ ಊರು ಬಿಟ್ಟರು, ಇಲ್ಲಿ ಮತ್ತೆ ಯಾರೂ ನೆಲೆಸದಿರಲಿ ಅಂತ ಶಪಿಸಿದರು ಅನ್ನುವುದು ಕಥೆ. ನೀರು ಬತ್ತಿತು, ಕಂದಾಯದ ಕಾಟ ತಡೆಯಲಾಗಲಿಲ್ಲ, ಭೂಕಂಪವೂ ಆಗಿರಬಹುದು ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ಒಂದೇ ರಾತ್ರಿ ಅನ್ನುವುದನ್ನು ನಾನು ನಂಬುವುದಿಲ್ಲ. ಅಧಿಕಾರದಲ್ಲಿರುವವನ ಭಯಕ್ಕೆ ಜನ ಊರು ಬಿಡುತ್ತಾರೆ ಅನ್ನುವುದನ್ನು ನಂಬುತ್ತೇನೆ.

ಅದಕ್ಕೇ, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಭಾನಗಢಕ್ಕೆ ಹೋಗು. ಹಳೇ ಪೇಟೆ ಬೀದಿಯಲ್ಲಿ ನಿಧಾನವಾಗಿ ನಡೆ, ಗೋಪಿನಾಥನ ಗುಡಿಯ ಕೆತ್ತನೆ ನೋಡು. ಆಮೇಲೆ ಅಲ್ಲಿನ ವಯಸ್ಸಾದವರ ಹತ್ತಿರ ಕೂತು ರತ್ನಾವತಿಯ ಕಥೆ ಕೇಳು. ಕೆಲವರು ಅತ್ತರು ಅಂತಾರೆ, ಕೆಲವರು ಎಣ್ಣೆ ಅಂತಾರೆ. ನಿನಗೆ ಯಾವುದು ಸಿಕ್ಕಿತು ಅಂತ ತಪ್ಪದೆ ಬರೆ.

ನಿನ್ನ ಗೆಳೆಯ