ನಿಮ್ಮ ಸೆಟ್ಟಿಂಗ್‌ಗಳು ಎಲ್ಲೂ ಹೋಗಿಲ್ಲ

ಪ್ರಿಯ ಗ್ರಾಹಕರೇ,

ನಿಮ್ಮ ಫೈಲ್‌ಗಳ ಪ್ರತಿ ತೆಗೆದಿಡುವ ನಮ್ಮ ಬ್ಯಾಕಪ್ ಪ್ರೋಗ್ರಾಮಿನ ಹೊಸ ಆವೃತ್ತಿ ಬಂದ ದಿನದಿಂದ ನಮ್ಮ ಫೋನಿಗೆ ಬಿಡುವಿಲ್ಲ. ಸೆಟ್ಟಿಂಗ್‌ಗಳ ಅರ್ಧ ಪಟ್ಟಿಯೇ ಮಾಯ ಅಂತ ಗಾಬರಿಯಾದವರಲ್ಲಿ ಕ್ಷಮೆ ಕೇಳುತ್ತೇವೆ. ಮುಂಚೆಯೇ ಹೇಳಬೇಕಿತ್ತು, ಹೇಳಲಿಲ್ಲ.

ಯಾವುದನ್ನೂ ತೆಗೆದಿಲ್ಲ. ಪುಟದ ಕೆಳಗಿನ 'ಇನ್ನಷ್ಟು' ಒತ್ತಿದರೆ ಎಲ್ಲವೂ ಅಲ್ಲೇ ಇವೆ. ಹೆಸರು ಟೈಪ್ ಮಾಡಿ ಹುಡುಕಿದರೂ ಸಿಗುತ್ತವೆ. ನೀವು ಇಟ್ಟುಕೊಂಡಿದ್ದ ಆಯ್ಕೆ ಒಂದೂ ಬದಲಾಗಿಲ್ಲ.

"ನಮ್ಮನ್ನು ದಡ್ಡರು ಅಂದುಕೊಂಡಿದ್ದೀರಾ?" ಈ ಮಾತನ್ನು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಖಂಡಿತ ಇಲ್ಲ. 'ಹಳೆಯ ಬ್ಯಾಕಪ್‌ಗಳನ್ನು ಎಷ್ಟು ದಿನದ ಮೇಲೆ ಅಳಿಸಬೇಕು' ಅನ್ನೋ ಖಾನೆ ಇತ್ತಲ್ಲ, ಒಬ್ಬ ಗ್ರಾಹಕರು ಅಲ್ಲಿ 0 ಹಾಕಿದರು. ಯಾವತ್ತೂ ಅಳಿಸಬೇಡ ಅಂತ ಅವರ ಲೆಕ್ಕ. ಈಗಲೇ ಅಳಿಸು ಅಂತ ಪ್ರೋಗ್ರಾಮಿನ ಲೆಕ್ಕ. ಬೆಳಗಾಗುವಷ್ಟರಲ್ಲಿ ಹಳೆಯ ಪ್ರತಿ ಒಂದೂ ಉಳಿದಿರಲಿಲ್ಲ. ಅವರು ಕಂಪ್ಯೂಟರನ್ನು ಚೆನ್ನಾಗಿ ಬಲ್ಲವರು. ತಪ್ಪು ನಾವು ಮಾಡಿದ ಖಾನೆಯದು. ಈಗ ಅಲ್ಲಿ 'ಅಳಿಸಬೇಡ' ಅನ್ನೋ ಬೇರೆಯೇ ಆಯ್ಕೆ ಇದೆ. ಆದರೂ ಡೇಟಾ ಕಳೆಯಬಹುದಾದ ಇಂಥ ಖಾನೆಗಳು ದಿನಾ ಕೈ ತಾಗುವ ಜಾಗದಲ್ಲಿರಬಾರದು ಅನ್ನಿಸಿತು.

ಮುಚ್ಚಿಟ್ಟದ್ದೆಲ್ಲ ಒಳ್ಳೆಯದು ಅಂತ ನಾವು ಹೇಳಲ್ಲ. 2000ದಲ್ಲಿ ಹರಡಿದ 'ಐ ಲವ್ ಯೂ' ವೈರಸ್ ನೆನಪಿದೆ ಅಲ್ವಾ? ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಬಚ್ಚಿಡುತ್ತಿತ್ತು. ಪ್ರೋಗ್ರಾಮಿನ ಗುರುತಾದ ಕೊನೆಯ 'ವಿಬಿಎಸ್' ಕಾಣದೆ, ಅದರ ಹಿಂದಿದ್ದ, ಸಾದಾ ಬರಹದ ಗುರುತಾದ 'ಟಿಎಕ್ಸ್‌ಟಿ' ಮಾತ್ರ ಕಂಡು, ಜನ ಸಾದಾ ಪತ್ರ ಅಂತ ತೆರೆದರು. ಅದಕ್ಕೇ ಬ್ಯಾಕಪ್ ಎಲ್ಲಿಗೆ ಹೋಗುತ್ತಿದೆ, ಕೊನೆಯದು ಯಾವಾಗ ಆಯಿತು ಅನ್ನೋದನ್ನು ಮೊದಲ ಪುಟದಿಂದ ಅಲುಗಿಸಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಪ್ರೋಗ್ರಾಮ್ ಬರೆಯುವವರಿಗೆಂದೇ ಇರುವ ಡೆವಲಪರ್ ಆಯ್ಕೆಗಳು ಬೇಕಾದರೆ ಸೆಟ್ಟಿಂಗ್‌ನಲ್ಲಿರುವ ಬಿಲ್ಡ್ ನಂಬರನ್ನು 7 ಸಲ ಒತ್ತಬೇಕು, ಯಾರೋ ಹೇಳಿಕೊಡದೆ ಅದು ಗೊತ್ತಾಗಲ್ಲ. ನಮ್ಮಲ್ಲಿ ಒಂದೇ ಸಲ ಒತ್ತಿದರೆ ಸಾಕು.

"ಖರ್ಚು ಉಳಿಸೋಕೆ ಮಾಡಿದ್ದು" ಅಂದದ್ದು ಮಾತ್ರ ನಿಜಕ್ಕೂ ನೋವಾಯಿತು. ಬಚ್ಚಿಟ್ಟರೆ ಪೈಸೆಯೂ ಉಳಿಯಲ್ಲ, ಬಚ್ಚಿಟ್ಟ ಆಯ್ಕೆಯನ್ನೂ ಪರೀಕ್ಷಿಸಲೇಬೇಕು. ಆನ್-ಆಫ್ ಆಯ್ಕೆ 10 ಇದ್ದರೆ 1,024 ಜೋಡಣೆ. 20 ಆದರೆ 10 ಲಕ್ಷಕ್ಕೂ ಜಾಸ್ತಿ. ಎಲ್ಲವನ್ನೂ ಪರೀಕ್ಷಿಸೋಕೆ ಯಾರಿಂದಲೂ ಆಗಲ್ಲ, ಆದರೂ ಪ್ರತಿ ಆವೃತ್ತಿಗೂ ಮುಖ್ಯವಾದವನ್ನು ಒಂದೊಂದಾಗಿ ಓಡಿಸಿ ನೋಡುತ್ತೇವೆ. ಉಳಿತಾಯವೇ ಬೇಕಿದ್ದರೆ ಸುಮ್ನೆ ಕಿತ್ತು ಹಾಕುತ್ತಿದ್ದೆವು. ನಿಮ್ಮಲ್ಲಿ ನಾಲ್ಕೈದು ಜನ ಮಾತ್ರ ಬಳಸುವ ಆಯ್ಕೆಯನ್ನೂ ಕಾಪಾಡಿಕೊಂಡು ಬಂದಿದ್ದೇವೆ. ಆ ಬಗ್ಗೆ ನಮಗೆ ಹೆಮ್ಮೆಯಿದೆ.

ಬ್ಯಾಕಪ್ ಯಾವ ಹೊತ್ತಿಗೆ ಆಗಬೇಕು ಅನ್ನೋದನ್ನು ಬದಲಿಸುವ ಆಯ್ಕೆಯನ್ನು ಒಳಗೆ ಹಾಕಿದ್ದು ಸರಿಯಾಗಲಿಲ್ಲ. ನೀವು ಹೇಳಿದ ಮೇಲೆ ಒಪ್ಪಿಕೊಂಡೆವು, ಮುಂದಿನ ಆವೃತ್ತಿಯಲ್ಲಿ ಅದು ಮತ್ತೆ ಹೊರಗೆ ಬರುತ್ತದೆ. ಇನ್ನೇನಾದರೂ ಸಿಗದಿದ್ದರೆ ಫೋನ್ ಮಾಡಿ. ಪ್ರೋಗ್ರಾಮ್ ಬರೆದ ನಾವೇ ಎತ್ತುತ್ತೇವೆ.

ನಿಮ್ಮವರು,
ನಾವು ಮೂವರು