ಮೀಟರ್ ಕುಣಿದ್ರೆ ಮಾರ್ಕ್ಸ್ ಕಳೀಬೇಡಿ

ಸಂಪಾದಕರೇ,

ನಮ್ಮ ಅಕ್ಕನ ಮಗಳು ಪಿಯುಸಿ, ಅಡಿಕೆ ಬೇಯಿಸೋ ಒಲೆಯ ಬಿಸಿ ಅಳೀಬೇಕು ಅಂತ ತಾನೇ ಥರ್ಮೊಕಪಲ್ (ಎರಡು ತಂತಿ ಸೇರಿಸಿ ಬಿಸಿ ಅಳೆಯೋ ಸಾಧನ) ಕಟ್ಟಿ ಒಂದು ವಿಜ್ಞಾನ ಪ್ರದರ್ಶನಕ್ಕೆ ತಗೊಂಡು ಹೋಗಿದ್ಲು, ಅಲ್ಲಿ ಒಲೆ ಎಲ್ಲಿಂದ ತರೋದು, ಮೇಣದಬತ್ತಿ ಉರಿಗೆ ಹಿಡಿದು ತೋರಿಸಿದ್ಲು. ಕೊನೇ ಅಂಕಿ ನಿಲ್ಲದೆ ಕುಣೀತಿತ್ತು. ತೀರ್ಪುಗಾರರು ವೈರಿಂಗ್ ಸರಿ ಇಲ್ಲ ಅಂದು ಮಾರ್ಕ್ಸ್ ಕಳೆದು ಮುಂದಿನ ಟೇಬಲ್‌ಗೆ ಹೋದ್ರು. ಯಾಕೆ ಕುಣೀತಿದೆ ಅಂತ ಒಂದು ಮಾತು ಕೇಳಿಲ್ಲ. ಮೇಲೆ ಫ್ಯಾನ್ ತಿರುಗ್ತಿತ್ತು, ಉರಿ ಅಲ್ಲಾಡ್ತಿತ್ತು, ಮೀಟರ್ ನಿಜಾನೇ ಹೇಳ್ತಿತ್ತು!

ನಾನು ಶಿರಸಿಲಿ ಆಂಪ್ಲಿಫೈಯರ್ ರಿಪೇರಿ ಮಾಡೋನು, ನಾಯ್ಸ್, ಅಂದ್ರೆ ಸಿಗ್ನಲ್ ಜೊತೆ ಸೇರ್ಕೊಳ್ಳೋ ಬೇಡದ ಗದ್ದಲ, ಅದರ ಜೊತೆ ದಿನಾ ಗುದ್ದಾಟ. ಎರಡು ಬೇರೆ ಲೋಹದ ತಂತಿ ಸೇರಿಸಿ ಒಂದು ತುದಿ ಕಾಯಿಸಿದ್ರೆ ವೋಲ್ಟೇಜ್ ಬರುತ್ತೆ, ವಿಜ್ಞಾನಿ ಸೀಬೆಕ್ 1821ರಲ್ಲೇ ಈ ಪರಿಣಾಮ ಕಂಡಿದ್ದ. ಆದ್ರೆ ಕೆ ಟೈಪ್ ಅನ್ನೋ ಸಾಮಾನ್ಯ ಜೋಡಿ ತಂತಿಲಿ ಡಿಗ್ರಿಗೆ ಸಿಗೋದು ಸುಮಾರು 41 ಮೈಕ್ರೋವೋಲ್ಟ್, ಅಂದ್ರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ 41 ಪಾಲು. ಅದನ್ನ ಸಾವಿರ ಪಟ್ಟು ಹಿಗ್ಗಿಸುವಾಗ ಕರೆಂಟ್ ಲೈನಿನ 50 ಹರ್ಟ್ಝ್ ಗುಂಯ್‌ಗುಡೋದು, ಚಿಪ್ಪಿನ ಸ್ವಂತ ನಾಯ್ಸ್ ಎಲ್ಲಾ ಜೊತೆಗೇ ಹಿಗ್ಗುತ್ತೆ. ತಂತಿ ಹೊಸೆದು, ಶೀಲ್ಡ್ ಹಾಕಿ, ಒಳ್ಳೇ ಚಿಪ್ ಹಾಕಿ ಇವನ್ನ ತಗ್ಗಿಸಬಹುದು.

ಪೂರ್ತಿ ಹೋಗದ್ದೂ ಒಂದಿದೆ. ಅವತ್ತು ರಾತ್ರಿ ಬಿಸ್ಕತ್ ಡಬ್ಬಿ ಒಳಗೆ ಆಂಪ್ಲಿಫೈಯರ್ ಇಟ್ಟು, ಇನ್‌ಪುಟ್ಟಿಗೆ 100 ಕಿಲೋಓಮಿನ ರೆಸಿಸ್ಟರ್ ಬೆಸೆದು ಅವಳಿಗೆ ಸ್ಪೀಕರಲ್ಲಿ ಕೇಳಿಸಿದೆ. ಇನ್‌ಪುಟ್ಟಲ್ಲಿ ಸಿಗ್ನಲ್ ಏನೂ ಇಲ್ಲ, ಆದ್ರೂ ದೂರದ ತಗಡಿನ ಮಾಡಿನ ಮೇಲೆ ಮಳೆ ಹೊಯ್ದ ಹಾಗೆ ಸುಂಯ್ ಅನ್ನುತ್ತೆ, ರೆಸಿಸ್ಟರಿನ ಎರಡೂ ತುದಿ ತಂತಿಲಿ ಸೇರಿಸಿ ಶಾರ್ಟ್ ಮಾಡಿದ ಕೂಡ್ಲೇ ಸದ್ದು ತಗ್ಗುತ್ತೆ. ರೂಮಿನ ಬಿಸಿಗೇ ಎಲೆಕ್ಟ್ರಾನುಗಳು ಒಳಗೆ ಅಡ್ಡಾದಿಡ್ಡಿ ಓಡಾಡೋ ಸದ್ದು ಅದು. 1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಜಾನ್ಸನ್ ಇದರ ಅಳತೆ ಪ್ರಕಟಿಸಿದ್ರು, ನೈಕ್ವಿಸ್ಟ್ ಅನ್ನೋರು ಅದಕ್ಕೆ ಸೂತ್ರ ಕೊಟ್ರು. ಕಾರ್ಬನ್ ಆಗ್ಲಿ, ಬಿಸಿಯಿಂದ ಕರೆಂಟ್ ಹುಟ್ಟಿಸೋ ಥರ್ಮೋಎಲೆಕ್ಟ್ರಿಕ್ ಪ್ಲೇಟಿಗೆ ಹಾಕೋ ಬಿಸ್ಮತ್ ಟೆಲ್ಲುರೈಡ್ ಆಗ್ಲಿ, ಕರೆಂಟ್ ಹರೀದೆ ಇರುವಾಗ ಈ ನಾಯ್ಸಿಗೆ ಬೇಕಾಗೋದು ಅದರ ಓಮ್ ಎಷ್ಟು, ಬಿಸಿ ಎಷ್ಟು, ಎಷ್ಟು ಅಗಲದ ಬ್ಯಾಂಡಲ್ಲಿ (ಕಂಪನಗಳ ವ್ಯಾಪ್ತಿಲಿ) ಅಳೀತೀವಿ ಅನ್ನೋದಷ್ಟೇ. ನಮ್ಮ ರೆಸಿಸ್ಟರಿಗೆ 10 ಸಾವಿರ ಹರ್ಟ್ಝ್ ಬ್ಯಾಂಡಲ್ಲಿ ಲೆಕ್ಕ ಹಾಕಿದ್ರೆ ಸುಮಾರು 4 ಮೈಕ್ರೋವೋಲ್ಟ್, ಅಂದ್ರೆ ಅವಳ ಮೀಟರಲ್ಲಿ ಡಿಗ್ರಿಯ ಹತ್ತನೇ ಒಂದು ಪಾಲು. ಥರ್ಮೊಕಪಲ್ ತಂತಿ ಬರೀ 10 ಓಮ್ ಇದ್ರೆ ಅದೂ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಈ ಲೆಕ್ಕ ಅವಳೇ ಮಾಡಿದ್ದು, "ಹಂಗಾದ್ರೆ ಅಲ್ಲಿ ಕುಣಿಸಿದ್ದು ಇದಲ್ಲ ಮಾಮ, ಫ್ಯಾನೇ" ಅಂದ್ಲು.

ಮುಂದೆ ತೀರ್ಪುಗಾರರಾಗಿ ಹೋಗೋರು ದಯವಿಟ್ಟು ಒಂದು ನಿಮಿಷ ಫ್ಯಾನ್ ಆಫ್ ಮಾಡಿಸಿ, ಇನ್‌ಪುಟ್ ಶಾರ್ಟ್ ಮಾಡಿಸಿ ನೋಡಿ, ಉಳಿದ ಕುಣಿತ ಎಲ್ಲಿಂದ ಬರ್ತಿದೆ ಅಂತ ಆ ಮಕ್ಕಳನ್ನೇ ಕೇಳಿ, ಆಮೇಲೆ ಮಾರ್ಕ್ಸ್ ಹಾಕಿ.

– ಒಬ್ಬ ಓದುಗ, ಶಿರಸಿ